ಒಂಬತ್ತನೇ ಕ್ಲಾಸಿನ ಮಗಳಿಗೆ ಜಗತ್ತಿನ ಬೇಸಾಯ ತಿಳಿಯಬೇಕಂತೆ, ಎಲ್ಲಿಂದ ಶುರು ಮಾಡಿಸಲಿ?

ಮಗಳು ಚಿಂತಾಮಣಿಯಲ್ಲಿ ಕನ್ನಡ ಮೀಡಿಯಂ ಓದುತ್ತಿದ್ದಾಳೆ, ಬೇರೆ ದೇಶದವರು ಏನು ಬೆಳೆಯುತ್ತಾರೆ, ಅಲ್ಲಿ ಜನ ಯಾಕೆ ಹಸಿದಿರುತ್ತಾರೆ ಅಂತ ದಿನಾ ಕೇಳುತ್ತಾಳೆ, ಈ ವಯಸ್ಸಿಗೆ ಏನಾದರೂ ಅವಕಾಶ ಇದೆಯಾ, ಫಾರಿನ್‌ಗೇ ಹೋಗಬೇಕಾ ಅಂತ ಕೇಳಿದ್ದೀರಿ. ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಂಥ ಮಕ್ಕಳು ನಮ್ಮಲ್ಲೂ ವರ್ಷಕ್ಕೆ ಒಬ್ಬಿಬ್ಬರು ಸಿಗುತ್ತಾರೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ನನ್ನ ಪರಿಚಯದವರೊಬ್ಬರು ಮಗನಿಗೋಸ್ಕರ ಯಾವುದೋ ಆನ್‌ಲೈನ್ ‘ಗ್ಲೋಬಲ್’ ಕೋರ್ಸಿಗೆ ಹದಿನೆಂಟು ಸಾವಿರ ಕಟ್ಟಿದರು. ಬಂದದ್ದು ಆರು ವಿಡಿಯೋ, ಒಂದು ಸರ್ಟಿಫಿಕೇಟು. ಅದಕ್ಕೆ ಫ್ರೇಮ್ ಹಾಕಿಸೋಕೆ ಇನ್ನೂ ಇನ್ನೂರು. ಹುಡುಗ ಪ್ರಶ್ನೆ ಕೇಳಿದರೆ ಆ ಕಡೆ ಉತ್ತರ ಕೊಡುವ ಮನುಷ್ಯರೇ ಇರಲಿಲ್ಲ. ಅಂಥ ಕಡೆ ತಲೆ ಹಾಕಬೇಡಿ.

ಈ ವಿಷಯದಲ್ಲಿ ಹೈಸ್ಕೂಲು ಮಕ್ಕಳಿಗೆ ಅಂತಲೇ ಹೆಸರಾದದ್ದು ಗ್ಲೋಬಲ್ ಯೂತ್ ಇನ್‌ಸ್ಟಿಟ್ಯೂಟ್. ಅಮೆರಿಕದ ಅಯೋವಾ ರಾಜ್ಯದ ಡಿ ಮೊಯ್ನ್ ಊರಲ್ಲಿ ಅಕ್ಟೋಬರ್ ತಿಂಗಳಲ್ಲಿ ಸೇರುವ ಮಕ್ಕಳ ಸಮಾವೇಶ ಅದು. ಹಸಿರು ಕ್ರಾಂತಿಯ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಹುಟ್ಟುಹಾಕಿದ ವರ್ಲ್ಡ್ ಫುಡ್ ಪ್ರೈಜ್ (ವಿಶ್ವ ಆಹಾರ ಪ್ರಶಸ್ತಿ) ಕೊಡುವವರು 1994ರಲ್ಲಿ ಶುರು ಮಾಡಿದ್ದು. (ಆ ಪ್ರೈಜ್ ಮೊಟ್ಟಮೊದಲು, 1987ರಲ್ಲಿ, ಬಂದದ್ದು ನಮ್ಮ ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರಿಗೆ. ಆ ದುಡ್ಡಿನಿಂದಲೇ ಅವರು ಚೆನ್ನೈನಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದರು.) ಅಲ್ಲಿಗೆ ಹೋಗುವವರಲ್ಲಿ ಅಮೆರಿಕದ ಮಕ್ಕಳೇ ಜಾಸ್ತಿ. ಆದರೆ ಅವರು ಮಕ್ಕಳ ಕೈಲಿ ಮಾಡಿಸುವ ಕೆಲಸ ಇದೆಯಲ್ಲ, ಅದಕ್ಕೆ ವೀಸಾ ಬೇಕಿಲ್ಲ. ಒಂದು ದೇಶ ಆರಿಸಿಕೋ. ಅಲ್ಲಿನ ಒಂದು ಸಾಧಾರಣ ಕುಟುಂಬ ಏನು ಉಣ್ಣುತ್ತದೆ, ಎಷ್ಟು ನೆಲ ಇದೆ, ಮಕ್ಕಳು ಸ್ಕೂಲಿಗೆ ಹೋಗುತ್ತಾರಾ ನೋಡು. ನೀರೋ, ರೋಗವೋ, ಕಾಳು ಇಡೋ ಜಾಗವೋ, ಒಂದೇ ಒಂದು ತೊಂದರೆ ಹಿಡಿ. ಅದಕ್ಕೆ ಏನು ಮಾಡಬಹುದು ಅಂತ ಬರಿ. ಈ ವರಸೆಯನ್ನು ನಾವು ಸುಮ್ನೆ ಕದ್ದುಬಿಟ್ಟೆವು.

ನಮ್ಮ ಇಬ್ಬರು ಹುಡುಗಿಯರು ಹಿಡಿದದ್ದು ಕೀನ್ಯಾ, ಯಾಕೆಂದರೆ ಅಲ್ಲೂ ರಾಗಿ ಬೆಳೆಯುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾ, ಇಥಿಯೋಪಿಯಾ, ಉಗಾಂಡಾದ ಎತ್ತರದ ಸೀಮೆ ಅಂದೆ. ಒಬ್ಬಳಿಗೆ ಸಿಟ್ಟೇ ಬಂತು. “ರಾಗಿ ನಮ್ದಲ್ವಾ ಸಾರ್?” ಕೀನ್ಯಾದವರು ಅದನ್ನು ‘ವಿಂಬಿ’ ಅನ್ನುತ್ತಾರೆ, ಅದರ ಹಿಟ್ಟಿನ ಗಂಜಿಗೆ ‘ಉಜಿ’. ನಮ್ಮ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಊಜಿ ಅಂದರೆ ಹುಳ ಸಾಯಿಸುವ ನೊಣ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಅಲ್ಲೂ ರಾಗಿಗೆ ಬೆಂಕಿ ರೋಗ, ಇಲ್ಲೂ ಬೆಂಕಿ ರೋಗ. ತೆನೆಯ ಕತ್ತು ಕಪ್ಪಾಗುತ್ತದೆ, ಕಾಳು ಜೊಳ್ಳಾಗುತ್ತದೆ. ಇದನ್ನು ಕೇಳೋಕೆ ಹೋದಾಗ ಒಬ್ಬಳ ತಾತ “ನಾವು ಇಂಡಾಫ್ ಹಾಕ್ತಿದ್ವಿ” ಅಂದರು. ಆ ಹೆಸರು ಬಿಡಿಸಿ ನೋಡಿ: ಇಂಡಿಯಾ, ಆಫ್ರಿಕಾ. ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಹೆಸರಾದ ವಿಜ್ಞಾನಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಮಾಡಿಸಿ ತಂದ ತಳಿಗಳು ಅವು. ತಾತ ಎಷ್ಟೋ ವರ್ಷ ಆಫ್ರಿಕಾದ ಬೀಗರನ್ನು ಹೊಲದಲ್ಲೇ ಇಟ್ಟುಕೊಂಡಿದ್ದರು!

ಇನ್ನೊಬ್ಬಳ ಅಜ್ಜಿ ಮನೆ ಮುಂದಿನ ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುತ್ತಿದ್ದ ಗುಂಡಿ, ತೋರಿಸಿದರು. ಈಗ ಮೇಲೊಂದು ಚಪ್ಪಡಿ, ಚಪ್ಪಡಿಯ ಮೇಲೆ ಮೊಮ್ಮಗನ ಬೈಕು. ರಾಗಿಗೆ ಹುಳ ಬೀಳುವುದು ಕಡಿಮೆ, ತೇವ ತಾಗದಿದ್ದರೆ ವರ್ಷಗಟ್ಟಲೆ ಇರುತ್ತದೆ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲವಂತೆ. ಮೊದಲು ದೀಪ ಇಳಿಬಿಡೋದು. ಆರಿದರೆ ಒಳಗೆ ಉಸಿರಾಡೋಕೆ ಗಾಳಿ ಇಲ್ಲ ಅಂತ ಲೆಕ್ಕ. ಆಹಾರ ಭದ್ರತೆ ಅನ್ನೋ ಪಾಠಕ್ಕೆ ಆ ಹುಡುಗಿ ಪುಸ್ತಕ ತೆಗೆಯಲೇ ಇಲ್ಲ. ನಾಲ್ಕು ಪುಟ ಅಜ್ಜಿಯ ಮಾತೇ ಬರೆದಳು.

ಇದನ್ನು ತಗೊಂಡು ಹೋಗೋಕೆ ಜಾಗವೂ ಇದೆ. ಮಕ್ಕಳ ವಿಜ್ಞಾನ ಸಮಾವೇಶ, 10ರಿಂದ 17 ವರ್ಷದವರಿಗೆ. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತಾ ಬಂದಿದೆ. ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರಮಟ್ಟ. ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಹೇಳಬಹುದು. ಮೊದಲ ವರ್ಷ ನಾವು ‘ವಿಶ್ವದ ಹಸಿವು’ ಅಂತ ಇಂಟರ್ನೆಟ್ಟಿಂದ ಎತ್ತಿಕೊಂಡು ಹೋಗಿ ಮಣ್ಣು ಮುಕ್ಕಿದ್ದೆವು. “ನಿಮ್ಮೂರಲ್ಲಿ ಯಾರಿಗೆ ಹಸಿವು?” ಅಂತ ಒಬ್ಬರು ಕೇಳಿದರು. ಮಕ್ಕಳೂ ಸುಮ್ಮನೆ ನಿಂತರು, ನಾನೂ ನಿಂತೆ.

ಸ್ಕೂಲು ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಮಾನಕ್ ಪ್ರಶಸ್ತಿ ಬೇರೆ. ಅದಕ್ಕೆ ಹೊಸ ಐಡಿಯಾ ಬೇಕು, ಆಯ್ಕೆಯಾದರೆ 10,000 ರೂಪಾಯಿ. ಹೆಸರು ಸ್ಕೂಲಿನಿಂದಲೇ ಹೋಗಬೇಕು, ಹಾಗಾಗಿ ಹೆಡ್‌ಮಾಸ್ಟರ್ ಬೆನ್ನು ಬೀಳಿ. ಚಿತ್ರ ಬರೆಯುತ್ತಾಳಾ? ಅಕ್ಟೋಬರ್ 16ರ ವಿಶ್ವ ಆಹಾರ ದಿನಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 5ರಿಂದ 19 ವರ್ಷದವರಿಗೆ ಪೋಸ್ಟರ್ ಸ್ಪರ್ಧೆ ನಡೆಸುತ್ತಾ ಬಂದಿದೆ. ಇಂಗ್ಲಿಷ್ ಬರಲ್ಲ ಅನ್ನೋ ಅಂಜಿಕೆ ಅಲ್ಲಿ ಬೇಡ.

ಒಂದು ದಿನ ಬೆಳಿಗ್ಗೆ ಕೋಲಾರದ ಟೊಮೆಟೊ ಮಂಡಿಗೂ ಕರೆದುಕೊಂಡು ಹೋಗಿ. 2023ರ ಜುಲೈನಲ್ಲಿ ಅಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು. ರೇಟು ಬಿದ್ದಾಗ ಅದೇ ಹಣ್ಣನ್ನು ರಸ್ತೆ ಬದಿ ಸುರಿದು ಹೋಗುವುದನ್ನು ನೀವೇ ನೋಡಿರುತ್ತೀರಿ. ಬಾಕ್ಸಿನ ಮೇಲೆ ಯಾವ ಊರಿನ ಹೆಸರು ಬರೆದಿದೆ, ಲಾರಿ ಎಲ್ಲಿಗೆ ಹೊರಟಿದೆ ಅಂತ ಅವಳೇ ಬರೆದುಕೊಳ್ಳಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಭಾನುವಾರ ಮಾತ್ರ ಬೇಡ, ಜನಜಂಗುಳಿಯಲ್ಲಿ ಯಾರನ್ನೂ ಏನೂ ಕೇಳೋಕೆ ಆಗಲ್ಲ.

ಇಷ್ಟಕ್ಕೂ ಮೊದಲು ನಿಮ್ಮ ಪಕ್ಕದಲ್ಲೇ ಇರುವ ಕುರುಬೂರು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಬನ್ನಿ. ಮಗಳು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಲಿ, ಕೇಳೋದನ್ನೂ ಅವಳೇ ಕೇಳಲಿ, ನೀವು ಮಧ್ಯೆ ಬಾಯಿ ಹಾಕಬೇಡಿ. ಹೊರಡೋಕೆ ಮುಂಚೆ ಒಂದು ಫೋನ್ ಮಾಡಿ. ಎಷ್ಟೋ ದಿನ ಅಲ್ಲಿನ ವಿಜ್ಞಾನಿಗಳು ಆಫೀಸಿನಲ್ಲಿರಲ್ಲ, ಯಾರದಾದರೂ ಹೊಲದಲ್ಲಿರುತ್ತಾರೆ.