ವಿಡಿಯೋ ನೋಡ್ತಾರೆ, ವಾರ ಬಿಟ್ಟರೆ ಮರೀತಾರೆ: ತರಗತಿಯಲ್ಲಿ ಇ-ಲರ್ನಿಂಗ್ ಕೆಲಸ ಮಾಡೋದು ಯಾವಾಗ?

ನಿಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ, ಮಕ್ಕಳು ಖುಷಿಯಿಂದ ನೋಡುತ್ತಾರೆ, ಮುಂದಿನ ವಾರ ಕೇಳಿದರೆ ಒಬ್ಬರಿಗೂ ನೆನಪಿಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ನಾನು ಬೈಲಹೊಂಗಲ ಕಡೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಪ್ರಕಾರ ವಿಡಿಯೋ ಓಡುವಾಗ ಮಕ್ಕಳು ಕಲಿಯೋದು ಕಡಿಮೆ. ಅದನ್ನ ನಿಲ್ಲಿಸಿ, ಮುಂದೇನಾಗುತ್ತೆ ಅಂತ ಕೇಳಿದಾಗ ಕಲಿಯುತ್ತಾರೆ.

ಹತ್ತನೇ ತರಗತಿಯ ವಿದ್ಯುತ್ ಪಾಠವನ್ನೇ ತಗೊಳ್ಳಿ. ಫೆಟ್ (PhET) ಅಂತ ಸಿಮ್ಯುಲೇಶನ್‌ಗಳಿವೆ, ಅಂದರೆ ಪರದೆ ಮೇಲೇ ಪ್ರಯೋಗ ಮಾಡಿ ನೋಡೋ ಪ್ರೋಗ್ರಾಂಗಳು, ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2002ರಿಂದ ಮಾಡುತ್ತಾ ಬಂದಿದ್ದಾರೆ, ಪುಕ್ಕಟೆ. ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. (ನೆಟ್ ನಂಬಿ ಪಾಠ ಶುರು ಮಾಡಬೇಡಿ, ಕೈ ಕೊಡುತ್ತೆ.) ಅದರಲ್ಲಿ ಬ್ಯಾಟರಿ, ವೈರು, ಬಲ್ಬು ಎಳೆದು ಸರ್ಕ್ಯೂಟ್ ಕಟ್ಟಬಹುದು. ಒಂದೇ ತರಹದ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು, ಜೋಡಿಸಿ, ಸ್ವಿಚ್ ಮಾತ್ರ ಹಾಕದೆ ಬಿಡುತ್ತೇನೆ. ಯಾವುದು ಜಾಸ್ತಿ ಬೆಳಗುತ್ತೆ, ನೋಟ್‌ಬುಕ್ಕಿನಲ್ಲಿ ಬರೀರಿ ಅನ್ನುತ್ತೇನೆ. ಬರೆಯಲೇಬೇಕು. ಬಾಯಲ್ಲಿ ಕೇಳಿದರೆ ಮುಂದಿನ ಬೆಂಚಿನ ಜಾಣೆ ಏನು ಹೇಳಿದಳೋ ಅದೇ ಇಡೀ ಕ್ಲಾಸಿನ ಉತ್ತರ ಆಗಿಬಿಡುತ್ತೆ, ಹಿಂದಿನವರು ಸುಮ್ನೆ ತಲೆ ಆಡಿಸುತ್ತಾರೆ.

ಬಹಳ ಮಕ್ಕಳು ಮೊದಲನೇ ಬಲ್ಬು ಅಂತ ಬರೆಯುತ್ತಾರೆ. "ಅದ ಕರೆಂಟ್ ತಿಂದ್ ಬಿಡತೈತ್ರಿ ಸರ್, ಎರಡನೇದಕ್ಕ ಉಳಿದಷ್ಟ ಹೋಗತೈತಿ." ಈ ತಪ್ಪು ಕಲ್ಪನೆ ನಮ್ಮೂರಿನದ್ದಷ್ಟೇ ಅಲ್ಲ, ಬೇರೆ ದೇಶದ ಮಕ್ಕಳಲ್ಲೂ ಇದೆ. ಪಕ್ಕದವರ ಜೊತೆ ವಾದ ಮಾಡ್ರಿ ಅಂತ ಎರಡು ನಿಮಿಷ ಬಿಡುತ್ತೇನೆ. ಗದ್ದಲ ಆಗುತ್ತೆ, ಆಗಲಿ. ಆಮೇಲೆ ಒಬ್ಬ ವಿದ್ಯಾರ್ಥಿಯ ಕೈಗೇ ಮೌಸ್ ಕೊಟ್ಟು ಸ್ವಿಚ್ ಹಾಕಿಸಿದರೆ ಎರಡೂ ಸರಿಸಮ. ಕರೆಂಟ್ ಅಳೆಯೋ ಅಮ್ಮೀಟರ್ ಎಲ್ಲಿ ಜೋಡಿಸಿದರೂ ಒಂದೇ ಅಂಕಿ. "ಹಂಗ್ಯಾಕ್ರಿ?" ಅಂತ ಅವರೇ ಕೇಳುತ್ತಾರಲ್ಲ, ಅದು ಬಂದ ಮೇಲೇನೇ ನಾನು ಚಾಕ್‌ಪೀಸ್ ಹಿಡಿಯೋದು. ಒಂದು ಬಲ್ಬು ತೆಗೆದರೆ ಇನ್ನೊಂದೂ ಆರುತ್ತೆ, ಗಣಪತಿ ಮಂಟಪದ ಹಳೇ ಸೀರಿಯಲ್ ಸೆಟ್ ಕೆಡುತ್ತಿದ್ದದ್ದು ಯಾಕೆ ಅಂತ ಅಲ್ಲೇ ಗೊತ್ತಾಗುತ್ತೆ. ಕೊನೆಗೆ ನಿಜವಾದ ಸೆಲ್ಲು, ಟಾರ್ಚ್ ಬಲ್ಬು ಕೊಟ್ಟು ಮಾಡಿಸಿ, ಅದನ್ನ ತಪ್ಪಿಸಬೇಡಿ. ಅಂಗಡಿಯಿಂದ ತಂದ ಎರಡು ಬಲ್ಬು ಪರದೆ ಮೇಲಿನಷ್ಟು ಸರಿಸಮ ಬೆಳಗದೇ ಇರಬಹುದು. ಆಗ ಜಗಳ ಮತ್ತೆ ಶುರು, ಒಳ್ಳೇದೇ ಅಲ್ವಾ?

ಈ ಉಪಾಯ ನನ್ನದೇನಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಜೂರ್ 1991ರಲ್ಲೇ ಹೀಗೆ ಕಲಿಸಲು ಶುರು ಮಾಡಿದರು: ಪ್ರಶ್ನೆ, ಪ್ರತಿಯೊಬ್ಬರ ಉತ್ತರ, ಪಕ್ಕದವರ ಜೊತೆ ಚರ್ಚೆ, ಮತ್ತೆ ಉತ್ತರ. ಅದಕ್ಕೆ ಸ್ಮಾರ್ಟ್ ಬೋರ್ಡೂ ಬೇಕಿರಲಿಲ್ಲ.

ಇನ್ನು ಮರೆಯೋ ವಿಷಯ. ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಮನಶ್ಶಾಸ್ತ್ರಜ್ಞರ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ವಾರದ ನಂತರ ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದು. ನಿಮ್ಮ ಕ್ಲಾಸಿನಲ್ಲಿ ವಿಡಿಯೋ ಮುಗಿದ ಕೂಡಲೇ ಎಲ್ಲರೂ ಕೈ ಎತ್ತೋದು, ವಾರದ ಮೇಲೆ ಯಾರೂ ಎತ್ತದಿರೋದು ಇದೇ ಕಥೆ. ಹಾಗಾಗಿ ಮುಂದಿನ ಪೀರಿಯಡ್‌ನಲ್ಲಿ ಬೋರ್ಡ್ ಆನ್ ಮಾಡೋ ಮೊದಲು ನಿನ್ನೆಯದ್ದನ್ನ ಮೂರು ಸಾಲು ಬರೆಸಿ. ಅಂಕ ಹಾಕಬೇಡಿ, ಹೆದರಿ ಪಕ್ಕದವರದ್ದು ನೋಡಿ ಬರೆಯುತ್ತಾರೆ.

ಇಷ್ಟೆಲ್ಲಾ ಮಾಡಿದರೂ ಕೆಲವರು ಹಿಂದೆ ಉಳಿಯುತ್ತಾರೆ. ಸಮಾಂತರ ಜೋಡಣೆಯ (ಪ್ರತಿ ಬಲ್ಬಿಗೂ ಬೇರೆ ದಾರಿ) ಲೆಕ್ಕದಲ್ಲಿ 1/R ಕೂಡಿಸಬೇಕಲ್ಲ, R ಅಂದರೆ ರೋಧ, ಅಲ್ಲಿ ಮಕ್ಕಳು ಸಿಕ್ಕಿಕೊಳ್ಳೋದು ವಿದ್ಯುತ್ತಿಗಲ್ಲ, ಭಿನ್ನರಾಶಿಗೆ. ಇಡೀ ಕ್ಲಾಸಿಗೆ ಹಾಕುವ ಒಂದೇ ವಿಡಿಯೋ ಇದನ್ನ ಸರಿ ಮಾಡಲ್ಲ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ಸಾಫ್ಟ್‌ವೇರ್ ಇಟ್ಟುಕೊಂಡು ದಿನದ ಶಾಲೆ ಮುಗಿದ ಮೇಲೆ ನಡೆಸಿದ ಕೇಂದ್ರಗಳ ಅಧ್ಯಯನ 2019ರಲ್ಲಿ ಪ್ರಕಟವಾಗಿದೆ. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು. ಆ ಸಾಫ್ಟ್‌ವೇರ್ ಮಗು ಯಾವ ತರಗತಿಯಲ್ಲಿದೆ ಅಂತ ನೋಡಲ್ಲ, ಅದಕ್ಕೆ ಏನು ಬರುತ್ತೆ ಅಂತ ನೋಡಿ ಅಲ್ಲಿಂದ ಪ್ರಶ್ನೆ ಕೊಡುತ್ತೆ. ಜೊತೆಗೆ ಸಣ್ಣ ಗುಂಪಿಗೆ ಪಾಠ ಹೇಳೋರೂ ಇದ್ದರು. ನಿಮ್ಮ ಲ್ಯಾಬಿನಲ್ಲಿ ನಾಲ್ಕೈದು ಕಂಪ್ಯೂಟರ್ ನೆಟ್ಟಗಿದ್ದರೆ ಅವನ್ನ ಭಿನ್ನರಾಶಿ ಬಾರದವರಿಗೆ ಮೊದಲು ಕೊಡಿ. ಜಾಣರು ಕಾಯಲಿ.

ಹೆಡ್‌ಮಾಸ್ತರ ಹತ್ತಿರ ದುಡ್ಡು ಕೇಳೋದಾದರೆ ಇನ್ನೂ ದೊಡ್ಡ ಬೋರ್ಡ್ ಕೇಳಬೇಡಿ. ಯುಪಿಎಸ್ ಕೇಳಿ, ಕಿಟಕಿಗೆ ದಪ್ಪನೆ ಪರದೆ ಕೇಳಿ. ಬಿಸಿಲು ಬಿದ್ದರೆ ಹಿಂದಿನ ಮೂರು ಬೆಂಚಿಗೆ ಆ ಬೋರ್ಡಿನಲ್ಲಿ ಏನೂ ಕಾಣಲ್ಲ, ಒಮ್ಮೆ ಅಲ್ಲಿ ಕೂತು ನೋಡಿ.