ಸ್ಪೇನ್‌ನ ಅಲ್ಮೇರಿಯಾದಲ್ಲಿ ಇಷ್ಟು ಅಗ್ಗಕ್ಕೆ ಮನೆ ಸಿಗ್ತಿದೆ, ತಗೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು: ಇಂಗ್ಲೆಂಡ್‌ನಲ್ಲಿದ್ದೀರಿ, ಬ್ರಿಟಿಷ್ ಪಾಸ್‌ಪೋರ್ಟ್ ಇದೆ, ನಿವೃತ್ತಿಗೆ ಇನ್ನೈದು ವರ್ಷ. ಅಲ್ಮೇರಿಯಾ ಕಡೆ ಈಜುಕೊಳ ಇರೋ ತೋಟದ ಮನೆ ಲಂಡನ್ನಿನ ಒಂದು ಕೋಣೆಯ ಫ್ಲಾಟಿಗಿಂತ ಎಷ್ಟೋ ಅಗ್ಗ, ಏನು ಮಾಡಲಿ ಅಂತ.

ನಾನು ಅಲ್ಲೇ ವೆರಾದ ಕಡಲತೀರದಲ್ಲಿ ಒಂದು ಪುಟ್ಟ ಫ್ಲಾಟ್ ತಗೊಂಡು ಆರು ವರ್ಷ ಆಯ್ತು. ತಗೊಳ್ಳಿ. ಆದರೆ ಅಷ್ಟು ಅಗ್ಗ ಯಾಕೆ ಅನ್ನೋದು ಗೊತ್ತಾದ ಮೇಲೆ ತಗೊಳ್ಳಿ.

ಬಿಸಿಲಿನ ವಿಷಯದಲ್ಲಿ ಬ್ರೋಕರ್‌ಗಳು ಸುಳ್ಳು ಹೇಳಲ್ಲ. ವರ್ಷಕ್ಕೆ ಹತ್ತಿರಹತ್ತಿರ 3000 ಗಂಟೆ ಬಿಸಿಲು, ಮಳೆ 200 ಮಿಲಿಮೀಟರ್ ಆಸುಪಾಸು. ತಬೆರ್ನಾಸ್ ಮರುಭೂಮಿ ಅದೇ ಜಿಲ್ಲೆಯಲ್ಲಿದೆ. ಎಡವಟ್ಟು ಇರೋದು ಕಾಗದಪತ್ರದಲ್ಲಿ.

ನಾನೂ ಮೊದಲು ನೋಡಕ್ಕೆ ಹೋಗಿದ್ದು ಅಲ್ಬೋಕ್ಸ್ ಹತ್ತಿರದ ಒಂದು ಕೊರ್ತಿಹೋ, ಅಂದರೆ ಹಳೇ ತೋಟದ ಮನೆ. ಬಾದಾಮಿ ಮರಗಳ ಮಧ್ಯೆ ಬಿಳಿ ಗೋಡೆ, ಎದುರಿಗೆ ನೀಲಿ ಕೊಳ. ಜಾಹೀರಾತಿನಲ್ಲಿ 140 ಚದರ ಮೀಟರ್ ಅಂತಿತ್ತು. ಸುಮಾರು 10 ಯೂರೋ ಕೊಟ್ಟು ನೋಂದಣಿ ಕಚೇರಿಯಿಂದ ನೋಟಾ ಸಿಂಪ್ಲೆ ತೆಗೆಸಿದೆ (ನಮ್ಮ ಇ.ಸಿ. ಇದ್ದ ಹಾಗೆ, ಮಾಲೀಕರು, ಸಾಲ, ವಿಸ್ತೀರ್ಣ ಎಲ್ಲ ಅದರಲ್ಲೇ ಇರುತ್ತೆ). ಅದರ ಪ್ರಕಾರ ಅಲ್ಲಿದ್ದದ್ದು 62 ಚದರ ಮೀಟರಿನ ಮನೆ, ಪಕ್ಕದಲ್ಲೊಂದು ಕೊಟ್ಟಿಗೆ. ಕೊಳದ ಸುದ್ದಿಯೇ ಇಲ್ಲ. ಜಮೀನು ರುಸ್ತಿಕೊ, ನಮ್ಮ ಮಾತಲ್ಲಿ ಕನ್ವರ್ಷನ್ ಆಗದ ಕೃಷಿ ಭೂಮಿ. ಕೇಳಿದರೆ ಬ್ರೋಕರ್ ನಗ್ತಾ, "ಇಲ್ಲಿ ಎಲ್ಲರದ್ದೂ ಹೀಗೇ" ಅಂದ. ಅವನು ಹೇಳಿದ್ದು ನಿಜವೇ ಇರಬೇಕು, ನನಗೆ ಭಯ ಆಗಿದ್ದೂ ಅದಕ್ಕೇ.

ಯಾಕಂದ್ರೆ 2008ರ ಜನವರಿಯಲ್ಲಿ ಇದೇ ವೆರಾದಲ್ಲಿ ನಿವೃತ್ತ ಬ್ರಿಟಿಷ್ ದಂಪತಿಯೊಬ್ಬರ ಮನೆಯನ್ನು ಕೆಡವಿ ಹಾಕಿದರು. ಅವರ ಹತ್ತಿರ ಪುರಸಭೆಯ ಲೈಸೆನ್ಸ್ ಇತ್ತು! ಆ ಲೈಸೆನ್ಸೇ ಸರಿಯಿಲ್ಲ ಅಂತ ಪ್ರಾಂತ್ಯ ಸರ್ಕಾರ ತಗಾದೆ ತೆಗೆದಿತ್ತು. ಈಗ ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ. ಅಲ್ಮೇರಿಯಾ ಇರೋ ಆಂದಲೂಸಿಯಾ ಪ್ರಾಂತ್ಯ 2019ರಲ್ಲಿ ನಿಯಮ ಸಡಿಲಿಸಿದ ಮೇಲೆ ಇಂಥ ಹಳೇ ಮನೆಗಳಿಗೆ ಎಎಫ್‌ಒ ಅಂತ ಒಂದು ಮಾನ್ಯತೆ ಪಡೆಯೋದು ಸುಲಭ ಆಗಿದೆ. ಅದಿದ್ದರೆ ನೀರು, ಕರೆಂಟು ಅಧಿಕೃತವಾಗಿ ಹಾಕಿಸ್ಕೋಬಹುದು, ರಿಪೇರಿ ಮಾಡಿಸಬಹುದು. ಹೊಸದಾಗಿ ಒಂದು ಕೋಣೆ ಎಬ್ಬಿಸೋ ಹಾಗಿಲ್ಲ. ಮಾರುವವರು ಎಎಫ್‌ಒ ಮಾಡಿಸಿ ಕೊಡಲಿ, ಆಮೇಲೆ ಮಾತಾಡಿ. "ಮಾಡಿಸ್ಕೋಬಹುದು ಬಿಡಿ" ಅಂದರೆ ಎದ್ದು ಬನ್ನಿ.

ಮುಂಗಡದ ಕರಾರಿಗೆ ಅರಾಸ್ ಅಂತಾರೆ, ಸಾಮಾನ್ಯವಾಗಿ 10%. ನೀವು ಹಿಂದೆ ಸರಿದರೆ ಆ ದುಡ್ಡು ಹೋಯ್ತು. ಅವರು ಸರಿದರೆ ಎರಡರಷ್ಟು ವಾಪಸ್. ಅದಕ್ಕೆ ಸಹಿ ಹಾಕೋ ಮುಂಚೆಯೇ ನಿಮ್ಮದೇ ವಕೀಲರನ್ನು ಹಿಡಿಯಿರಿ, ಬ್ರೋಕರ್ ತೋರಿಸಿದವರನ್ನಲ್ಲ. ಹಳೇ ಮನೆಯಾದರೆ ಕೊಳ್ಳುವಾಗ 7% ತೆರಿಗೆ. ನೋಟರಿ, ನೋಂದಣಿ, ವಕೀಲರು ಎಲ್ಲ ಸೇರಿಸಿ ಬೆಲೆಯ ಮೇಲೆ 10–12% ಇಟ್ಕೊಳ್ಳಿ. ಬಾಡಿಗೆಗೆ ಕೊಡದೆ ಬೀಗ ಹಾಕಿಟ್ಟರೂ ಅನಿವಾಸಿಗಳು ಪ್ರತಿವರ್ಷ ಆದಾಯ ತೆರಿಗೆ ಕಟ್ಟಬೇಕು. ಬರದೇ ಇರೋ ಆದಾಯಕ್ಕೆ ತೆರಿಗೆ, ನನಗಂತೂ ಇವತ್ತಿಗೂ ಅರಗಿಲ್ಲ.

ಮನೆ ಇದ್ದ ಮಾತ್ರಕ್ಕೆ ಅಲ್ಲೇ ಇರಬಹುದು ಅನ್ಕೋಬೇಡಿ. ಹಣ ಹೂಡಿದವರಿಗೆ ಕೊಡ್ತಿದ್ದ ಗೋಲ್ಡನ್ ವೀಸಾ 2025ರ ಏಪ್ರಿಲ್ 3ಕ್ಕೆ ನಿಂತಿತು. ಬ್ರಿಟಿಷ್ ಪಾಸ್‌ಪೋರ್ಟಿಗೆ 180 ದಿನದಲ್ಲಿ 90 ದಿನ, ಅಷ್ಟೇ. ಪಿಂಚಣಿ ಮೇಲೆ ಬದುಕುವವರಿಗೆ ಬೇರೆ ವೀಸಾ ಇದೆ, ನಿವೃತ್ತಿ ಹೊತ್ತಿಗೆ ಅದನ್ನು ನೋಡ್ಕೋಬಹುದು.

ಮನೆ ಪಕ್ಕ ಅಗಲವಾದ ಒಣಹಳ್ಳ ಇದ್ದರೆ ಅದು ದಾರಿ ಅಂತ ತಿಳಿಯಬೇಡಿ. ಅದನ್ನು ರಾಂಬ್ಲಾ ಅಂತಾರೆ. ವರ್ಷಗಟ್ಟಲೆ ಒಣಗಿ ಬಿದ್ದಿರುತ್ತೆ, ಜನ ಅದರಲ್ಲೇ ಕಾರು ನಿಲ್ಲಿಸ್ತಾರೆ. 2012ರ ಸೆಪ್ಟೆಂಬರ್ 28ರಂದು ವೆರಾ ಸುತ್ತಮುತ್ತ ಬಂದ ನೀರು ಎಷ್ಟೋ ಕಾರುಗಳನ್ನು ಕೊಚ್ಚಿಕೊಂಡು ಹೋಯಿತು. ಸರ್ಕಾರದ ಪ್ರವಾಹ ನಕ್ಷೆ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತೆ, ನೋಡಿ.

ಕೊನೆಗೆ ಚಳಿ. ಹೌದು, ಚಳಿ! ಜನವರಿ ಮಧ್ಯಾಹ್ನ ಹೊರಗೆ ಅಂಗಿ ತೋಳು ಮಡಚಿ ಕೂತು ಕಾಫಿ ಕುಡಿಯಬಹುದು, ಮನೆಯೊಳಗೆ ಕಾಲಿಟ್ಟರೆ ಸ್ವೆಟರ್ ಬೇಕು. ಬೇಸಿಗೆಗೆಂದೇ ಕಟ್ಟಿದ ಮನೆಗಳು: ನೆಲಕ್ಕೆಲ್ಲ ಟೈಲ್ಸ್, ಕಿಟಕಿಗೆ ಒಂಟಿ ಗಾಜು, ಹೀಟಿಂಗ್ ಇಲ್ಲ. ಮೊದಲ ಚಳಿಗಾಲ ಉತ್ತರ ದಿಕ್ಕಿನ ಕೋಣೆಯ ಬೀರು ತೆಗೆದರೆ ನನ್ನ ಚರ್ಮದ ಚಪ್ಪಲಿಗೆ ಹಸಿರು ಬೂಸ್ಟು ಹಿಡಿದಿತ್ತು. ನಮ್ಮ ಬ್ಲಾಕಿನ 48 ಮನೆಗಳಲ್ಲಿ ರಾತ್ರಿ ದೀಪ ಕಾಣ್ತಿದ್ದದ್ದು ಐದರಲ್ಲಿ. ಹತ್ತಿರದ ಬೇಕರಿ ಬಾಗಿಲು ತೆಗೆಯೋದೇ ಈಸ್ಟರ್‌ಗೆ. ನನಗೆ ಆ ನಿಶ್ಶಬ್ದ ಹಿಡಿಸಿತು, ಹೆಂಡತಿ ಎರಡನೇ ವಾರಕ್ಕೇ ಟಿಕೆಟ್ ಬುಕ್ ಮಾಡಿದಳು.

ಅದಕ್ಕೇ, ಜುಲೈನಲ್ಲಿ ಮನೆ ನೋಡಕ್ಕೆ ಹೋಗಬೇಡಿ. ಜನವರಿಯಲ್ಲಿ ಒಂದು ತಿಂಗಳು ಅದೇ ಊರಲ್ಲಿ ಬಾಡಿಗೆಗೆ ಇರಿ, ಆಗ ಬಾಡಿಗೆಯೂ ಇಳಿದಿರುತ್ತೆ. ದಪ್ಪ ಸಾಕ್ಸ್ ಮರೀಬೇಡಿ.