ಬೋಟಿನ ಪಾಲು ಮಾರಿ ಮಗಳನ್ನು ಓದಿಸಲೇ?

ಬೇಲೆಕೇರಿಯ ಓದುಗರೊಬ್ಬರ ಪತ್ರದ ಸಾರ ಇಷ್ಟು: 'ನನಗೆ ಮೀನುಗಾರಿಕೆ ಬೋಟಿನಲ್ಲಿ ಒಂದು ಪಾಲಿದೆ. ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್‌ಗೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆಂದು ಪರಿಚಯದವರೊಬ್ಬರು ಬೆನ್ನುಬಿದ್ದಿದ್ದಾರೆ. ಹತ್ತು ಲಕ್ಷಕ್ಕೆ ಕಡಿಮೆಯಿಲ್ಲ. ಪಕ್ಕದ ಮನೆಯ ಹುಡುಗ ಬಿಇ ಮಾಡಿ ಮನೆಯಲ್ಲೇ ಕೂತಿದ್ದಾನೆ. ನನ್ನ ಅಣ್ಣನ ಮಗ ಎಸ್ಸೆಸ್ಸೆಲ್ಸಿಗೇ ಬಿಟ್ಟವನು, ಗೋವಾದಲ್ಲಿ ದುಡಿದು ತಿಂಗಳಾ ಹಣ ಕಳಿಸುತ್ತಾನೆ. ಪಾಲು ಮಾರಿ ಓದಿಸಲೇ? ಡಿಗ್ರಿಗೆ ಅಷ್ಟು ಬೆಲೆ ಇದೆಯೇ?'

ಪಾಲು ಮಾರಬೇಡಿ. ಮಗಳನ್ನು ಓದಿಸಿ. ಎರಡೂ ಒಟ್ಟಿಗೆ ಆಗುವ ದಾರಿಯಿದೆ, ಅದನ್ನೇ ಬರೆಯುತ್ತೇನೆ.

ಮೊದಲು ಆ ಹತ್ತು ಲಕ್ಷದ ಮಾತು. ಪಾಲು ಉಳಿಸಿಕೊಂಡು ಬ್ಯಾಂಕ್ ಸಾಲ ಮಾಡಿದಿರಿ ಎಂದುಕೊಳ್ಳಿ. ಶೇ 10ರ ಬಡ್ಡಿಗೆ ಹತ್ತು ವರ್ಷದ ಕಂತಾದರೆ ತಿಂಗಳಿಗೆ ಸುಮಾರು 13,200 ರೂಪಾಯಿ. ಕೊನೆಗೆ ಕಟ್ಟಿದ ಮೊತ್ತ ಹದಿನಾರು ಲಕ್ಷದ ಹತ್ತಿರ ಬರುತ್ತದೆ. ಓದುವ ನಾಲ್ಕು ವರ್ಷವೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಅದು ಬೇರೆ. ಮಗಳಿಗೆ ಇಪ್ಪತ್ತು ಸಾವಿರದ ಕೆಲಸ ಸಿಕ್ಕಿತೆನ್ನಿ. ಬೆಂಗಳೂರಿನ ಪಿಜಿ, ಊಟ, ಬಸ್ಸು ಕಳೆದು ಕಂತಿಗೆ ಏನು ಉಳಿದೀತು? ಪಕ್ಕದ ಮನೆಯ ಹುಡುಗನನ್ನು ಸೋಲಿಸಿದ್ದು ಓದೋ, ಸಾಲದ ಲೆಕ್ಕವೋ, ವಿಚಾರಿಸಿ ನೋಡಿ.

ಈಗ ಅಣ್ಣನ ಮಗನ ವಿಚಾರ. ಅವನ ದುಡಿಮೆಯನ್ನು ಗೌರವದಿಂದಲೇ ನೋಡುತ್ತೇನೆ. ಆದರೆ ಅವನಿಗೆ ಮುಚ್ಚಿರುವ ಬಾಗಿಲುಗಳನ್ನೂ ಎಣಿಸಿ. ಪೊಲೀಸ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಸಾಕು, ಪಿಎಸ್ಐ ಆಗಲು ಪದವಿ ಬೇಕು. ಗ್ರಾಮ ಪಂಚಾಯಿತಿಯ ಪಿಡಿಒ ಹುದ್ದೆಗೆ ಪದವಿ, ಕೆಎಎಸ್ ಪರೀಕ್ಷೆಗೆ ಪದವಿ, ಬಿ.ಎಡ್. ಸೇರಲು ಪದವಿ. ರಾಷ್ಟ್ರೀಕೃತ ಬ್ಯಾಂಕಿನ ಕ್ಲರ್ಕ್ ಪರೀಕ್ಷೆಗೂ ಈಗ ಪದವಿಯೇ ಅರ್ಹತೆ. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರವನ್ನು ನಡೆಸುವ ಎನ್‌ಪಿಸಿಐಎಲ್ ಟ್ರೈನಿಗಳನ್ನು ತೆಗೆದುಕೊಳ್ಳುವಾಗ ಐಟಿಐ, ಪಿಯುಸಿ ವಿಜ್ಞಾನ ಆದವರಿಗೆ ಒಂದು ದರ್ಜೆ, ಡಿಪ್ಲೊಮಾ, ಬಿ.ಎಸ್ಸಿ. ಆದವರಿಗೆ ಅದಕ್ಕಿಂತ ಮೇಲಿನ ದರ್ಜೆ. ಪದವಿ ಇದ್ದ ಮಾತ್ರಕ್ಕೆ ಇವೆಲ್ಲ ಸಿಕ್ಕಿಬಿಡುವುದಿಲ್ಲ, ನಿಜ. ಇಲ್ಲದಿದ್ದರೆ ಅರ್ಜಿಯನ್ನೇ ಹಾಕಲಾಗದು.

ಆ ಅರ್ಹತೆಗೆ ಬೆಂಗಳೂರು ಬೇಕಿಲ್ಲ. ರೈತರ, ಬಡವರ ಮಕ್ಕಳಿಗೆ ಊರಲ್ಲೇ ಓದು ಸಿಗಲೆಂದು ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಆ ಟ್ರಸ್ಟಿನದೇ. ನಿಮ್ಮೂರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಿಬರಬಹುದು, ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ಪದವಿಯ ಖರ್ಚಿನಲ್ಲಿ ಫೀಸಿಗಿಂತ ಭಾರವಾದದ್ದು ಹೊರಗಿನ ವಸತಿ ಮತ್ತು ಊಟ. ಮನೆಯಿಂದ ಹೋಗಿಬಂದು ಓದುವ ಮಗುವಿಗೆ ಆ ಭಾರವೇ ಇಲ್ಲ. ಇಂಜಿನಿಯರಿಂಗೇ ಬೇಕೆಂದರೆ ಸಿಇಟಿ ರ್‍ಯಾಂಕ್ ಹಿಡಿದು ಕಾರವಾರದ ಮಾಜಾಳಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜನ್ನು ಮೊದಲ ಆಯ್ಕೆಗಳಲ್ಲಿ ಹಾಕಿ. ಸಿಇಟಿಯಲ್ಲಿ ಸಿಗದ ಸೀಟನ್ನು ಹಣ ಸುರಿದು ತರುವುದನ್ನು ನಾನಂತೂ ಒಪ್ಪಲಾರೆ.

ಅಷ್ಟಾದಮೇಲೂ ಸಾಲ ಬೇಕಾಯಿತೆಂದರೆ ಬ್ಯಾಂಕಿಗೇ ಹೋಗಿ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವು ಇಡಬೇಕಿಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು ಕೋರ್ಸ್ ತಾಂತ್ರಿಕ ಅಥವಾ ವೃತ್ತಿಪರವಾಗಿದ್ದರೆ, ಓದುವ ಅವಧಿ ಮತ್ತು ಅದರ ಮೇಲೊಂದು ವರ್ಷದ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುವ ಯೋಜನೆಯಿದೆ. ಗುಣಮಟ್ಟ ಅಳೆಯುವ ಸಂಸ್ಥೆಗಳಿಂದ, ಅಂದರೆ ಕಾಲೇಜಿಗೆ ನ್ಯಾಕ್ ಅಥವಾ ಆ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಸೇರುವ ಮೊದಲೇ ಅದನ್ನು ಕೇಳಿ. ಕಾಲೇಜಿನವರು ಹಾಕಿದ ಪ್ಲೇಸ್‌ಮೆಂಟ್ ಫ್ಲೆಕ್ಸ್ ನೋಡಿ ನಂಬಬೇಡಿ, ಹಿಂದಿನ ಎರಡು ವರ್ಷ ಅಲ್ಲಿ ಪಾಸಾದ ನಾಲ್ಕಾರು ಮಕ್ಕಳನ್ನು ಹುಡುಕಿ ಮಾತಾಡಿಸಿ.

ನಮ್ಮ ಕರಾವಳಿಯ ಕಷ್ಟವೊಂದನ್ನು ಘಟ್ಟದ ಮೇಲಿನವರು ಅಷ್ಟಾಗಿ ಅರಿಯರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ಫೀಸು ಕಟ್ಟುವುದೂ ಹೆಚ್ಚುಕಡಿಮೆ ಆಗಲೇ. ಕೈಯಲ್ಲಿ ಕಾಸಿಲ್ಲದ ಆ ಎರಡು ತಿಂಗಳಲ್ಲೇ ಬಂಗಾರ ಅಡವಿಗೆ ಹೋಗುವುದು, ಮೀಟರ್ ಬಡ್ಡಿಯವರು ಮನೆ ಹೊಕ್ಕುವುದು. ಸೀಟು ಕೊಡಿಸುವವರು ನಿಮ್ಮನ್ನು ಈಗ ಅವಸರಪಡಿಸುತ್ತಿರುವುದಕ್ಕೂ ಅದೇ ಕಾರಣವಿದ್ದೀತು. ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಒಂದು ಮಾತು ಕೇಳಲೇಬೇಕು. ಮೂರು ಪುಟದ ಪತ್ರದಲ್ಲಿ ಮಗಳಿಗೆ ಏನು ಓದುವ ಆಸೆ ಎಂಬುದು ಎಲ್ಲೂ ಇಲ್ಲ. ಇಂದೇ ಕೇಳಿ. ಅವಳು ಬಿ.ಎಸ್ಸಿ. ಎಂದರೆ ಅಂಕೋಲೆಯ ಕಾಲೇಜಿನ ಅರ್ಜಿ ತನ್ನಿ, ನರ್ಸಿಂಗ್ ಎಂದರೆ ಕಾರವಾರದಲ್ಲಿ ವಿಚಾರಿಸಿ. ಬರುವ ವರ್ಷದ ಫೀಸನ್ನು ಮೇ ತಿಂಗಳ ದುಡಿಮೆಯಲ್ಲೇ ಅವಳ ಖಾತೆಗೆ ಹಾಕಿಡಿ.